ಜಯಲಕ್ಷ್ಮಿ ವಿಲಾಸ ಅರಮನೆ

ಜಯಲಕ್ಷ್ಮಿ ವಿಲಾಸ ಅರಮನೆಯು ಮೈಸೂರು ನಗರದ ಪಶ್ಚಿಮ ಭಾಗದಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣದಲ್ಲಿರುವ ಪಾರಂಪರಿಕ ಕಟ್ಟಡ. 1905ರಲ್ಲಿ ಮೈಸೂರು ರಾಜಮನೆತನದ ಹಿರಿಯ ರಾಜಕುಮಾರಿಯ ನಿವಾಸವಾಗಿ ನಿರ್ಮಾಣಗೊಂಡ ಈ ಭವನವು 1959ರಲ್ಲಿ ವಿಶ್ವವಿದ್ಯಾನಿಲಯದ ಒಡೆತನಕ್ಕೆ ಬಂದಿತು. ಕರ್ನಾಟಕದ ಪ್ರಮುಖ ಜಾನಪದ ವಸ್ತುಸಂಗ್ರಹಾಲಯವು ಇದರಲ್ಲಿ ನೆಲೆಗೊಂಡಿದೆ. 2000ರ ದಶಕದಲ್ಲಿ ಒಮ್ಮೆ ಜೀರ್ಣೋದ್ಧಾರಗೊಂಡ ಕಟ್ಟಡವು ಎರಡು ದಶಕ ಕಳೆಯುವಷ್ಟರಲ್ಲಿ ಮತ್ತೆ ಶಿಥಿಲಗೊಂಡಿತು. ವಾಸಕ್ಕೆಂದು ಕಟ್ಟಿದ ಹಳೆಯ ಮನೆಯೊಂದನ್ನು ಶಿಕ್ಷಣ ಸಂಸ್ಥೆಯು ಹೇಗೆ ಉಳಿಸಿಕೊಳ್ಳಬೇಕು, ಅದನ್ನು ದುರಸ್ತಿ ಮಾಡುವುದು ಲೇಸೋ ಹೊಸದನ್ನು ಕಟ್ಟುವುದು ಲೇಸೋ ಎಂಬ ಪ್ರಶ್ನೆಗೆ ಈ ಅರಮನೆಯ ಚರಿತ್ರೆ ಉತ್ತಮ ನಿದರ್ಶನವಾಗಿದೆ.

ನಿರ್ಮಾಣ

ಹತ್ತನೆಯ ಚಾಮರಾಜ ಒಡೆಯರ ಹಿರಿಯ ಪುತ್ರಿ ಜಯಲಕ್ಷ್ಮಮ್ಮಣ್ಣಿಯವರಿಗಾಗಿ ಈ ಭವನವನ್ನು ಕಟ್ಟಿಸಲಾಯಿತು. ಇವರು ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ. 1897ರಲ್ಲಿ ಇವರ ವಿವಾಹವು ಎಂ. ಕಾಂತರಾಜ ಅರಸ್ ಅವರೊಂದಿಗೆ ನಡೆಯಿತು. ಕಾಂತರಾಜ ಅರಸ್ ಅವರು 1918ರಿಂದ 1922ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು.

ಆ ಕಾಲದಲ್ಲಿ ರಾಜಕುಮಾರಿಯರಿಗಾಗಿ ಮೈಸೂರಿನಲ್ಲಿ ಇಂತಹ ಹಲವು ಭವನಗಳು ನಿರ್ಮಾಣಗೊಂಡವು. ಸ್ವಾತಂತ್ರ್ಯಾನಂತರ ಅವುಗಳಲ್ಲಿ ಹೆಚ್ಚಿನವು ಸಾರ್ವಜನಿಕ ಸಂಸ್ಥೆಗಳ ಪಾಲಾದವು. ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು 1950ರಲ್ಲಿ ಆರಂಭವಾಯಿತು. ಕಾರಂಜಿ ವಿಲಾಸವು ಅಂಚೆ ಇಲಾಖೆಯ ತರಬೇತಿ ಕೇಂದ್ರವಾಯಿತು. ಹೊಸ ಉಪಯೋಗ ದೊರೆತದ್ದರಿಂದಲೇ ಈ ಕಟ್ಟಡಗಳು ನೆಲಸಮವಾಗದೆ ಉಳಿದವು.

ವಿಶ್ವವಿದ್ಯಾನಿಲಯದ ಸ್ವಾಧೀನ

ಮೈಸೂರು ವಿಶ್ವವಿದ್ಯಾನಿಲಯವು 1916ರ ಜುಲೈ 27ರಂದು ಸ್ಥಾಪನೆಯಾಯಿತು. 1956ರಿಂದ 1960ರವರೆಗೆ ಕುವೆಂಪು ಅವರು ಅದರ ಕುಲಪತಿಗಳಾಗಿದ್ದರು. ಸ್ನಾತಕೋತ್ತರ ವಿಭಾಗಗಳಿಗಾಗಿ ಕುಕ್ಕರಹಳ್ಳಿ ಕೆರೆಯ ಬಳಿ ಪ್ರತ್ಯೇಕ ಆವರಣವೊಂದನ್ನು ರೂಪಿಸುವ ಯೋಜನೆ ಅವರ ಅವಧಿಯಲ್ಲಿ ಕಾರ್ಯರೂಪಕ್ಕೆ ಬಂದಿತು. ಆ ಆವರಣಕ್ಕೆ ‘ಮಾನಸಗಂಗೋತ್ರಿ’ ಎಂದು ಹೆಸರಿಟ್ಟವರೂ ಅವರೇ. ಜಯಲಕ್ಷ್ಮಿ ವಿಲಾಸವನ್ನು ವಿಶ್ವವಿದ್ಯಾನಿಲಯವು 1959ರಲ್ಲಿ ಪಡೆದುಕೊಂಡಿತು. ಹೀಗೆ ಒಂದು ಕುಟುಂಬದ ವಾಸಕ್ಕಾಗಿ ರೂಪುಗೊಂಡ ಮನೆಯು ವಿದ್ಯಾರ್ಥಿಗಳು, ಸಂಶೋಧಕರು ಹಾಗೂ ಸಾರ್ವಜನಿಕರು ಬಂದುಹೋಗುವ ಸ್ಥಳವಾಯಿತು.

ವಾಸ್ತುರಚನೆ

ದಿಣ್ಣೆಯ ಮೇಲೆ ನಿಂತಿರುವ ಈ ಭವನದಲ್ಲಿ ಐರೋಪ್ಯ ಹಾಗೂ ಭಾರತೀಯ ಶೈಲಿಗಳು ಬೆರೆತಿವೆ. ಹೊರಮುಖದಲ್ಲಿ ಕೊರಿಂಥಿಯನ್ ಮತ್ತು ಅಯೋನಿಕ್ ಮಾದರಿಯ ಜೋಡಿ ಕಂಬಗಳೂ ತ್ರಿಕೋನಾಕಾರದ ಮುಖಭಾಗಗಳೂ ಇವೆ. ಒಳಗೆ ಕೆತ್ತನೆಯ ಮರಗೆಲಸ, ಬಣ್ಣದ ಗಾಜಿನ ಅಲಂಕಾರ ಹಾಗೂ ಕಲ್ಯಾಣ ಮಂಟಪಗಳಿವೆ. ಭವನದಲ್ಲಿ ಸುಮಾರು 125 ಕೊಠಡಿಗಳು, 300ಕ್ಕೂ ಹೆಚ್ಚು ಕಿಟಕಿಗಳು ಮತ್ತು 287 ಕೆತ್ತನೆಯ ಬಾಗಿಲುಗಳಿವೆ ಎಂದು ಗಣಿಸಲಾಗಿದೆ.

ಗೋಡೆಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಮೇಲ್ಛಾವಣಿಯು ‘ಮದ್ರಾಸ್ ತಾರಸಿ’ ಎಂದು ಕರೆಯಲಾಗುವ ವಿಧಾನದ್ದು. ಈ ವಿಧಾನದಲ್ಲಿ ಗೋಡೆಯಿಂದ ಗೋಡೆಗೆ ಮರದ ತೊಲೆಗಳನ್ನು ಹಾಸಿ, ಅವುಗಳ ಮೇಲೆ ಜಂತೆಗಳನ್ನು ಜೋಡಿಸಲಾಗುತ್ತದೆ. ಜಂತೆಗಳ ಮೇಲೆ ತೆಳುವಾದ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಿಂದ ಬೆಸೆಯಲಾಗುತ್ತದೆ. ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಪದರ ಹಾಕಿ ಚೆನ್ನಾಗಿ ಬಡಿದು ಗಟ್ಟಿಗೊಳಿಸಲಾಗುತ್ತದೆ. ಸಿಮೆಂಟ್ ಮತ್ತು ಉಕ್ಕು ವ್ಯಾಪಕವಾಗುವ ಮೊದಲು ದಕ್ಷಿಣ ಭಾರತದ ದೊಡ್ಡ ಮನೆಗಳು, ಕಚೇರಿಗಳು ಹಾಗೂ ಕಾಲೇಜುಗಳಿಗೆ ಇದೇ ಬಗೆಯ ತಾರಸಿ ಸಾಮಾನ್ಯವಾಗಿತ್ತು.

ಜಾನಪದ ವಸ್ತುಸಂಗ್ರಹಾಲಯ

1960ರ ದಶಕದ ಕೊನೆಯಲ್ಲಿ ಇಲ್ಲಿ ಜಾನಪದ ವಸ್ತುಸಂಗ್ರಹಾಲಯವು ರೂಪುಗೊಂಡಿತು. ದೇ. ಜವರೇಗೌಡ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಹಾಗೂ ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ ಅವರು ಇದರ ಬೆಳವಣಿಗೆಗೆ ಕಾರಣರಾದವರಲ್ಲಿ ಪ್ರಮುಖರು. ಪರಮಶಿವಯ್ಯನವರು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯವರು. ಸಂಗ್ರಹದಲ್ಲಿ 6,000ಕ್ಕೂ ಹೆಚ್ಚು ವಸ್ತುಗಳಿವೆ. ತೊಗಲುಗೊಂಬೆ, ಮರದ ಗೊಂಬೆ, ಯಕ್ಷಗಾನದ ವೇಷಭೂಷಣ, ಗ್ರಾಮದೇವತೆಗಳ ಮೂರ್ತಿ, ವಾದ್ಯ, ಬೇಸಾಯದ ಉಪಕರಣ, ಅಡುಗೆಮನೆಯ ಪಾತ್ರೆ ಪರಡಿ ಮುಂತಾದವು ಇವುಗಳಲ್ಲಿ ಸೇರಿವೆ.

ಇವುಗಳಲ್ಲಿ ಅನೇಕವು ಮರ, ಚರ್ಮ ಮತ್ತು ಬಟ್ಟೆಯಿಂದಾದವು. ತೇವದಿಂದ ಚರ್ಮ ಸುಕ್ಕುಗಟ್ಟುತ್ತದೆ, ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಮರಕ್ಕೆ ಗೆದ್ದಲು ಹತ್ತುತ್ತದೆ. ಆದುದರಿಂದ ಇಲ್ಲಿ ತಾರಸಿ ಸೋರುವುದೆಂದರೆ ಕಟ್ಟಡಕ್ಕೆ ಮಾತ್ರವಲ್ಲ, ಬಳಕೆಯಿಂದ ಮರೆಯಾದ ಹಳ್ಳಿಗಾಡಿನ ವಸ್ತುಗಳಿಗೂ ಹಾನಿಯಾಗುವುದೆಂದೇ ಅರ್ಥ.

ಶಿಥಿಲತೆಯ ಕಾರಣಗಳು

ಸುಣ್ಣದ ಗಾರೆಯ ಕಟ್ಟಡಗಳಿಗೆ ನೀರೇ ಮುಖ್ಯ ಶತ್ರು. ತಾರಸಿಯ ಮೇಲಿನ ಗಾರೆ ಬಿರುಕು ಬಿಟ್ಟಾಗ ಅಥವಾ ನೀರು ಹೋಗುವ ದೋಣಿ ಎಲೆಕಸದಿಂದ ಕಟ್ಟಿಕೊಂಡಾಗ ಮಳೆನೀರು ಕೆಳಗಿಳಿಯುತ್ತದೆ. ತೊಲೆಯ ನಡುಭಾಗಕ್ಕೆ ಗಾಳಿಯಾಡುವುದರಿಂದ ಅದು ಬೇಗ ಒಣಗುತ್ತದೆ. ಗೋಡೆಯೊಳಗೆ ಹುದುಗಿರುವ ಅದರ ತುದಿಗಳು ಮಾತ್ರ ಒದ್ದೆಯಾಗಿಯೇ ಉಳಿದು ಕೊಳೆಯುತ್ತವೆ. ಈ ಕೊಳೆತವು ಹೊರಗಿನಿಂದ ಕಾಣುವುದಿಲ್ಲ. ಇದರಿಂದಾಗಿ ನೋಟಕ್ಕೆ ಗಟ್ಟಿಯಾಗಿರುವ ಛಾವಣಿಯೂ ಮಳೆಗಾಲದಲ್ಲಿ ಹಠಾತ್ತನೆ ಕುಸಿಯಬಹುದು. ಬಿರುಕುಗಳಲ್ಲಿ ಬೇರೂರುವ ಅರಳಿ, ಆಲದ ಸಸಿಗಳು ಗೋಡೆಯನ್ನು ಸೀಳುತ್ತವೆ. ಕಬ್ಬಿಣದ ಭಾಗಗಳು ತುಕ್ಕು ಹಿಡಿದು ಹಿಗ್ಗಿ ಸುತ್ತಲಿನ ಇಟ್ಟಿಗೆಯನ್ನು ಒಡೆಯುತ್ತವೆ.

ತಪ್ಪು ದುರಸ್ತಿಯೂ ಶಿಥಿಲತೆಗೆ ಕಾರಣವಾಗುತ್ತದೆ. ಸುಣ್ಣದ ಗಾರೆಯು ತೇವವನ್ನು ಹೀರಿ ಹೊರಬಿಡುವ ಗುಣವುಳ್ಳದ್ದು. ಅದರ ಮೇಲೆ ಸಿಮೆಂಟ್ ಬಳಿದರೆ ಒಳಗಿನ ತೇವವು ಹೊರಹೋಗಲಾರದೆ ಇಟ್ಟಿಗೆಯನ್ನು ಪುಡಿಗೊಳಿಸುತ್ತದೆ. ಸಂರಕ್ಷಣಾ ತಜ್ಞರು ಹಳೆಯ ಗೋಡೆಗೆ ಹಳೆಯ ಬಗೆಯ ಗಾರೆಯನ್ನೇ ಬಳಸಬೇಕೆನ್ನುವುದು ಈ ಕಾರಣಕ್ಕಾಗಿಯೇ. ಸುಣ್ಣವನ್ನು ದಿನಗಟ್ಟಲೆ ನೆನೆಸಿ, ಮರಳಿನೊಂದಿಗೆ ಅರೆದು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಸೇರಿಸಿ ಅದನ್ನು ಸಿದ್ಧಪಡಿಸಲಾಗುತ್ತದೆ. ಈ ಕೆಲಸ ಬಲ್ಲವರು ಈಗ ವಿರಳವಾಗಿರುವುದು ಜೀರ್ಣೋದ್ಧಾರದ ವೆಚ್ಚವನ್ನೂ ಅವಧಿಯನ್ನೂ ಹೆಚ್ಚಿಸುತ್ತದೆ.

ಮೊದಲ ಜೀರ್ಣೋದ್ಧಾರ ಮತ್ತು ನಂತರದ ಸ್ಥಿತಿ

2000ರ ದಶಕದಲ್ಲಿ ಇನ್ಫೋಸಿಸ್ ಪ್ರತಿಷ್ಠಾನವು ನೀಡಿದ 1.17 ಕೋಟಿ ರೂಪಾಯಿ ನೆರವಿನಿಂದ ಭವನದ ಜೀರ್ಣೋದ್ಧಾರ ನಡೆಯಿತು. ವಸ್ತುಸಂಗ್ರಹಾಲಯವು ಸಾರ್ವಜನಿಕರಿಗೆ ಮತ್ತೆ ತೆರೆದುಕೊಂಡಿತು. ಆದರೆ ನಂತರದ ವರ್ಷಗಳಲ್ಲಿ ಛಾವಣಿ ಸೋರತೊಡಗಿ, ಕೆಲವು ಭಾಗಗಳು ಕುಸಿದು, ಸಂದರ್ಶಕರ ಪ್ರವೇಶವನ್ನು ನಿರ್ಬಂಧಿಸಬೇಕಾಯಿತು. ಮುಂದೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯ ನೆರವಿನಿಂದ, ಡೆಕ್ಕನ್ ಹೆರಿಟೇಜ್ ಫೌಂಡೇಶನ್ ಸಹಯೋಗದಲ್ಲಿ ಭವನದ ಪಶ್ಚಿಮ ಪಾರ್ಶ್ವದ ಜೀರ್ಣೋದ್ಧಾರ ಯೋಜನೆಯನ್ನು ಪ್ರಕಟಿಸಲಾಯಿತು.

ಎರಡೂ ಸಂದರ್ಭಗಳಲ್ಲಿ ದೊಡ್ಡ ಮೊತ್ತವು ಹೊರಗಿನ ದಾನಿಗಳಿಂದ ಬಂದಿತು. ದಾನವು ಸಾಮಾನ್ಯವಾಗಿ ಒಂದು ಬಾರಿಯ ಕಾಮಗಾರಿಗೆ ಸಲ್ಲುತ್ತದೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ತಾರಸಿ ಗುಡಿಸುವುದು, ದೋಣಿ ಬಿಡಿಸುವುದು, ಸಸಿ ಕೀಳುವುದು, ಬಿರುಕಿಗೆ ಗಾರೆ ತುಂಬುವುದು ಒಡೆಯನಾದ ಸಂಸ್ಥೆಯ ಹೊಣೆಯಾಗಿಯೇ ಉಳಿಯುತ್ತದೆ.

ಜೀರ್ಣೋದ್ಧಾರ ಮತ್ತು ಮರುನಿರ್ಮಾಣದ ಪ್ರಶ್ನೆ

ಮೈಸೂರಿನ ಇತರ ಹಳೆಯ ಕಟ್ಟಡಗಳ ವಿಷಯದಲ್ಲಿ ಈ ಪ್ರಶ್ನೆ ತೀವ್ರ ವಿವಾದವಾಗಿದೆ. 2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಮೃತಪಟ್ಟರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. ಈ ಎರಡು ಕಟ್ಟಡಗಳನ್ನು ಕೆಡವಿ ಅದೇ ಶೈಲಿಯಲ್ಲಿ ಮರಳಿ ಕಟ್ಟಬೇಕೆ ಅಥವಾ ಇದ್ದಂತೆಯೇ ಜೀರ್ಣೋದ್ಧಾರ ಮಾಡಬೇಕೆ ಎಂಬ ಬಗ್ಗೆ ತಜ್ಞರಲ್ಲೇ ಭಿನ್ನಾಭಿಪ್ರಾಯ ಉಂಟಾಗಿ, ದೇವರಾಜ ಮಾರುಕಟ್ಟೆಯ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಶತಮಾನದಷ್ಟು ಹಳೆಯ ಕಟ್ಟಡದ ಭಾಗವು ಕುಸಿದಾಗ ಅದನ್ನು ತೆರವುಗೊಳಿಸುವ ಮಾರ್ಗವನ್ನು ಅನುಸರಿಸಲಾಯಿತು.

ಮರುನಿರ್ಮಾಣದ ಪರವಾದ ವಾದಗಳಲ್ಲಿ ಜನರ ಸುರಕ್ಷತೆ ಮೊದಲನೆಯದು. ಹೊಸ ಕಟ್ಟಡದ ವೆಚ್ಚವನ್ನು ಮೊದಲೇ ನಿಖರವಾಗಿ ಅಂದಾಜಿಸಬಹುದು. ಹಳೆಯದರಲ್ಲಿ ಗೋಡೆ ಬಿಚ್ಚುವವರೆಗೆ ಹಾನಿಯ ಪ್ರಮಾಣ ತಿಳಿಯದು. ವಿದ್ಯುತ್, ಅಗ್ನಿಶಾಮಕ ವ್ಯವಸ್ಥೆ, ಅಂಗವಿಕಲರಿಗೆ ಇಳಿಜಾರು ದಾರಿ ಮೊದಲಾದವನ್ನು ಹೊಸದರಲ್ಲಿ ಸುಲಭವಾಗಿ ಅಳವಡಿಸಬಹುದು. ಬೋಧನೆ ಮತ್ತು ಸಂಶೋಧನೆಗೆ ಹಣದ ಕೊರತೆಯಿರುವಾಗ ಅರಮನೆಗೆ ಖರ್ಚು ಮಾಡುವುದು ಸರಿಯೇ ಎಂಬ ಪ್ರಶ್ನೆಯೂ ಇದೆ.

ಜೀರ್ಣೋದ್ಧಾರದ ಪರವಾಗಿರುವವರು, ಕೈಕೆತ್ತನೆಯ ಮರ ಮತ್ತು ಹಳೆಯ ಗಾರೆಯನ್ನು ಮರಳಿ ಪಡೆಯಲಾಗದು ಎನ್ನುತ್ತಾರೆ. ಅದೇ ಆಕಾರದಲ್ಲಿ ಕಾಂಕ್ರೀಟ್‌ನಿಂದ ಕಟ್ಟಿದ್ದು ಪ್ರತಿಕೃತಿಯೇ ಹೊರತು ಮೂಲವಲ್ಲ. 1964ರ ವೆನಿಸ್ ಸನ್ನದು ಸಹ ಮೂಲ ವಸ್ತುವಿಗೆ ಗೌರವ ನೀಡಬೇಕೆಂದೂ ಊಹೆ ಆರಂಭವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕೆಂದೂ ವಿಧಿಸುತ್ತದೆ. ಇದಲ್ಲದೆ, ಸುಣ್ಣ ಮತ್ತು ಮರದ ಕಟ್ಟಡದಲ್ಲಿ ಕೆಟ್ಟ ತೊಲೆಯೊಂದನ್ನು ಮಾತ್ರ ತೆಗೆದು ಬದಲಾಯಿಸುವುದು ಸಾಧ್ಯ.

ಇತರೆಡೆಯ ನಿದರ್ಶನಗಳು

ಅಧಿಕೃತ ನಿವಾಸಗಳ ವಿಷಯದಲ್ಲಿ ಬೇರೆ ದೇಶಗಳೂ ಇದೇ ಪ್ರಶ್ನೆಯನ್ನು ಎದುರಿಸಿವೆ. ಅಮೆರಿಕದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯಾಗೊ ಶಾಖೆಯ ಮುಖ್ಯಸ್ಥರ ನಿವಾಸವನ್ನು ವಾಸಕ್ಕೆ ಯೋಗ್ಯವಲ್ಲವೆಂದು 2004ರಲ್ಲಿ ತೆರವುಗೊಳಿಸಲಾಯಿತು. ಅದನ್ನು ಕೆಡವಿ ಹೊಸ ಮನೆ ಕಟ್ಟುವ ಪ್ರಸ್ತಾವ ಬಂದಿತು. ಆದರೆ ಆ ನೆಲದಲ್ಲಿ ಕುಮೆಯಾಯ್ ಎಂಬ ಮೂಲನಿವಾಸಿ ಜನಾಂಗದವರು ಪವಿತ್ರವೆಂದು ಭಾವಿಸುವ ಸಾವಿರಾರು ವರ್ಷ ಹಳೆಯ ಸಮಾಧಿಗಳಿದ್ದುದರಿಂದ ವಿರೋಧ ಎದ್ದಿತು. 2008ರಲ್ಲಿ ಈ ಸ್ಥಳವು ಅಲ್ಲಿನ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಕೊನೆಗೆ ಹಳೆಯ ಮನೆಯನ್ನೇ ಜೀರ್ಣೋದ್ಧಾರ ಮಾಡಿ 2014ರಲ್ಲಿ ಮತ್ತೆ ಬಳಕೆಗೆ ತರಲಾಯಿತು.

ಶ್ವೇತಭವನವು ಮೂರನೆಯ ಮಾರ್ಗವೊಂದನ್ನು ತೋರಿಸುತ್ತದೆ. 1948ರಲ್ಲಿ ಅಧ್ಯಕ್ಷ ಟ್ರೂಮನ್ ಅವರ ಮಗಳ ಪಿಯಾನೊದ ಕಾಲು ಮರದ ನೆಲವನ್ನು ತೂರಿ ಇಳಿದ ನಂತರ ನಡೆದ ತಪಾಸಣೆಯಲ್ಲಿ ಕಟ್ಟಡದ ದುರ್ಬಲತೆ ಬೆಳಕಿಗೆ ಬಂದಿತು. ಹೊರಗೋಡೆಗಳನ್ನು ಉಳಿಸಿಕೊಂಡು ಒಳಭಾಗವನ್ನೆಲ್ಲ ಬಿಚ್ಚಿ ಉಕ್ಕಿನ ಚೌಕಟ್ಟಿನಿಂದ ಮರಳಿ ಕಟ್ಟಲಾಯಿತು. 1952ರಲ್ಲಿ ಕಾಮಗಾರಿ ಮುಗಿಯಿತು. ಕಟ್ಟಡವೇನೋ ಭದ್ರವಾಯಿತು, ಆದರೆ ಮೂಲ ಒಳಾಂಗಣದ ಹೆಚ್ಚಿನ ಭಾಗ ನಷ್ಟವಾಯಿತು. ಕೆತ್ತನೆ ಮತ್ತು ಮರಗೆಲಸದಲ್ಲೇ ಮುಖ್ಯ ಮೌಲ್ಯವಿರುವ ಜಯಲಕ್ಷ್ಮಿ ವಿಲಾಸದಂತಹ ಕಟ್ಟಡಕ್ಕೆ ಈ ಮಾರ್ಗದಿಂದ ಪ್ರಯೋಜನಕ್ಕಿಂತ ನಷ್ಟವೇ ಹೆಚ್ಚಾಗಬಹುದು.

ನಿರ್ವಹಣೆಯ ಮಹತ್ವ

ಕೆಡವುವ ಅಥವಾ ಉಳಿಸುವ ನಿರ್ಧಾರಕ್ಕೆ ಮೂರು ಸಂಗತಿಗಳು ಆಧಾರವಾಗಬೇಕಾಗುತ್ತದೆ. ಮೊದಲನೆಯದು ಪ್ರತಿ ತೊಲೆ ಮತ್ತು ಗೋಡೆಯ ಸ್ಥಿತಿಯನ್ನು ದಾಖಲಿಸುವ ತಾಂತ್ರಿಕ ಸಮೀಕ್ಷೆ. ಎರಡನೆಯದು ಕಟ್ಟಡದ ಮುಂದಿನ ಉಪಯೋಗ. ಬೀಗ ಹಾಕಿದ ಮನೆಗಿಂತ ದಿನವೂ ಕಿಟಕಿ ತೆರೆಯುವ ಮನೆಯಲ್ಲಿ ಸೋರಿಕೆ ಬೇಗ ಕಣ್ಣಿಗೆ ಬೀಳುತ್ತದೆ. ಮೂರನೆಯದು ವಾರ್ಷಿಕ ಆಯವ್ಯಯದಲ್ಲಿ ನಿರ್ವಹಣೆಗೆಂದೇ ಮೀಸಲಾದ ಹಣ. ಮೂರನೆಯದು ಇಲ್ಲದಿದ್ದರೆ ಜೀರ್ಣೋದ್ಧಾರಗೊಂಡ ಕಟ್ಟಡವೂ ಹೊಸದಾಗಿ ಕಟ್ಟಿದ ಕಟ್ಟಡವೂ ಕಾಲಕ್ರಮದಲ್ಲಿ ಒಂದೇ ಸ್ಥಿತಿಗೆ ತಲುಪುತ್ತವೆ. ಜಯಲಕ್ಷ್ಮಿ ವಿಲಾಸದಲ್ಲಿ ಮೊದಲ ಜೀರ್ಣೋದ್ಧಾರದ ಕೆಲವೇ ವರ್ಷಗಳ ನಂತರ ಎರಡನೆಯದರ ಅಗತ್ಯ ಉಂಟಾದದ್ದು ಇದಕ್ಕೆ ಸಾಕ್ಷಿಯಾಗಿದೆ.