ತಂದೆಯ ಹಳೇ ಮಿಲಿಟರಿ ಟ್ರಕ್ ಮಾರುವ ಮುನ್ನ: ‘50 ವರ್ಷ ದಾಟಿದರೆ ವಿಂಟೇಜ್’ ಎಂಬ ಫಾರ್ವರ್ಡ್ ಎಷ್ಟು ನಿಜ?

“ನಿಮ್ಮ ಮನೆಯಲ್ಲಿ ಹಳೇ ಮಿಲಿಟರಿ ಗಾಡಿ ಇದೆಯಾ? 50 ವರ್ಷ ದಾಟಿದ್ದರೆ ಅದು ವಿಂಟೇಜ್. ಕಾಗದಪತ್ರ ಬೇಕಿಲ್ಲ, ಲಕ್ಷಗಟ್ಟಲೆ ಬೆಲೆ ಇದೆ. ಗುಜರಿಗೆ ಹಾಕಬೇಡಿ, ಎಲ್ಲರಿಗೂ ಶೇರ್ ಮಾಡಿ.”

ಸಕಲೇಶಪುರ ಕಡೆಯ ಓದುಗರೊಬ್ಬರು ಈ ಸಂದೇಶ ಕಳುಹಿಸಿ, ಇದು ನಿಜವೇ ಎಂದು ಕೇಳಿದ್ದಾರೆ. ಅವರ ತಂದೆ ತೀರಿಕೊಂಡು ಎಂಟು ತಿಂಗಳಾಗಿದೆ. ತೋಟದ ಶೆಡ್‌ನಲ್ಲಿ ತಂದೆ ಇಷ್ಟಪಟ್ಟು ಕೂಡಿಟ್ಟ ಎರಡು ಗಾಡಿಗಳಿವೆ. ಒಂದು ವಿಲ್ಲಿಸ್ ಜೀಪು, ಇನ್ನೊಂದು ಎರಡನೇ ಮಹಾಯುದ್ಧದ ಕಾಲದ ಡಾಡ್ಜ್ ಟ್ರಕ್. ಟ್ರಕ್ಕಿಗೆ ಒಬ್ಬರು ಮುಂಗಡ ಹಿಡಿದುಕೊಂಡು ಬಂದಿದ್ದಾರೆ. “ಆರ್‌ಸಿ ಆಮೇಲೆ ನೋಡೋಣ” ಎನ್ನುತ್ತಿದ್ದಾರೆ.

ಫಾರ್ವರ್ಡ್‌ನಲ್ಲಿರುವುದು ಅರ್ಧ ನಿಜ. ಉಳಿದರ್ಧ ನಂಬಿದರೆ ಸಿಕ್ಕಿಬೀಳುವವರು ಮಾರುವವರೇ.

ವಿಂಟೇಜ್ ಅಂದರೆ ಯಾವುದು?

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿತು. 50 ವರ್ಷ ದಾಟಿರಬೇಕು ಎಂಬುದು ಸರಿ. ಆದರೆ ಲೆಕ್ಕ ಶುರುವಾಗುವುದು ಗಾಡಿ ತಯಾರಾದ ವರ್ಷದಿಂದಲ್ಲ, ಮೊದಲ ನೋಂದಣಿಯ ದಿನದಿಂದ. ಗಾಡಿ ಮೂಲ ರೂಪದಲ್ಲೇ ಇರಬೇಕು, ದೊಡ್ಡ ಮಾರ್ಪಾಡು ಆಗಿರಬಾರದು. ಇಷ್ಟಿದ್ದರೂ ತನ್ನಿಂತಾನೇ ವಿಂಟೇಜ್ ಆಗುವುದಿಲ್ಲ, ಅರ್ಜಿ ಹಾಕಬೇಕು. ಹೊಸ ನೋಂದಣಿಗೆ ₹20,000 ಶುಲ್ಕ, ವಿಮೆಯೂ ಕಡ್ಡಾಯ.

ಫಾರ್ವರ್ಡ್ ಹೇಳದ ಮಾತು ಇನ್ನೊಂದಿದೆ. ಈ ನಿಯಮ ದ್ವಿಚಕ್ರ ವಾಹನಗಳಿಗೆ ಮತ್ತು ನಾಲ್ಕು ಚಕ್ರದ ಪ್ರಯಾಣಿಕ ವಾಹನಗಳಿಗೆ ಮಾತ್ರ. ಸಾಮಾನು ಸಾಗಿಸುವ ವಾಹನ ಎಂದು ನೋಂದಣಿಯಾದ ಟ್ರಕ್ ಇದರಲ್ಲಿ ಬರುವುದಿಲ್ಲ. ಅಂದರೆ ಆ ಶೆಡ್‌ನಲ್ಲಿರುವ ಜೀಪಿಗೆ ಅವಕಾಶವಿದೆ, ಟ್ರಕ್ಕಿಗಿಲ್ಲ. ಹಾಗಂತ ಟ್ರಕ್ಕಿಗೆ ಬೆಲೆಯೇ ಇಲ್ಲ ಎಂದಲ್ಲ. ಸಂಗ್ರಹಕಾರರು ನೋಡುವುದು ಮೂಲ ಎಂಜಿನ್, ಚಾಸಿ ನಂಬರ್, ಡ್ಯಾಶ್‌ಬೋರ್ಡಿನ ಮೇಲಿನ ತಗಡಿನ ಫಲಕ, ಶೆಡ್ ಮೂಲೆಯಲ್ಲಿ ಚೀಲದಲ್ಲಿ ಬಿದ್ದಿರುವ ಬಿಡಿಭಾಗ. ಅವನ್ನು ಗುಜರಿಯವರಿಗೆ ಕೊಟ್ಟು ಶೆಡ್ ‘ಕ್ಲೀನ್’ ಮಾಡಿಸುವವರೇ ಹೆಚ್ಚು ಕಳೆದುಕೊಳ್ಳುತ್ತಾರೆ.

‘ಕಾಗದಪತ್ರ ಬೇಕಿಲ್ಲ’ ಎಂಬುದು ಪೂರ್ತಿ ಸುಳ್ಳು

ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ನಮ್ಮ ಓದುಗರ ಗಡುವು ಮೀರಿದೆ. ಆದರೂ ದಾರಿ ಮುಚ್ಚಿಲ್ಲ, ತಡವಾದದ್ದಕ್ಕೆ ದಂಡ ಕಟ್ಟಬೇಕಾಗಬಹುದು ಅಷ್ಟೇ. ಆರ್‌ಸಿ ಕಳೆದಿದ್ದರೆ ಪೊಲೀಸರಿಗೆ ದೂರು ಕೊಟ್ಟು ಫಾರಂ 26ರಲ್ಲಿ ನಕಲು ಪ್ರತಿ ಕೇಳಬಹುದು.

ಕಷ್ಟ ಬರುವುದು ಸಾಮಾನ್ಯವಾಗಿ ಮನೆಯೊಳಗೇ. ಉಯಿಲು ಇಲ್ಲದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ತೀರಿಕೊಂಡವರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲು. ಗಾಡಿಯೂ ಆಸ್ತಿಯೇ. ಮದುವೆಯಾಗಿ ಹೋದ ಅಕ್ಕನನ್ನು, ಬದುಕಿರುವ ಅಜ್ಜಿಯನ್ನು ಕೇಳದೆ ಮಾರಿದರೆ ಮುಂದೆ ತಕರಾರು ಬರಬಹುದು. ಅವರೆಲ್ಲರ ಒಪ್ಪಿಗೆ ಪತ್ರ ಮೊದಲೇ ಪಡೆದುಕೊಳ್ಳಿ.

ಹೆಸರು ಬದಲಾದ ಮೇಲೆ ಕೊಳ್ಳುವವರ ಹೆಸರಿಗೆ ವರ್ಗಾಯಿಸಲು ಫಾರಂ 29 ಮತ್ತು 30. ಗಾಡಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಫಾರಂ 28ರ ಎನ್‌ಒಸಿಯೂ ಬೇಕು. ಇದನ್ನು ಬಿಟ್ಟು ಕೈಗೆ ಹಣ ಪಡೆದು ಕೀಲಿ ಕೊಟ್ಟರೆ ಏನಾಗುತ್ತದೆ? ಗಾಡಿ ಯಾರ ಕೈಯಲ್ಲಿದ್ದರೂ, ಅಪಘಾತವಾದಾಗ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕರದ್ದೇ ಎಂದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರಿಕೊಂಡ ತಂದೆಯ ಹೆಸರಲ್ಲೇ ಗಾಡಿ ಓಡುತ್ತಿದ್ದರೆ ನೋಟಿಸ್ ಬರುವುದು ಅದೇ ಮನೆಯ ಬಾಗಿಲಿಗೆ.

ಹಸಿರು ಬಣ್ಣದ ವಿಷಯ

“ಮಿಲಿಟರಿ ಹಸಿರು ಬಳಿಸಿ, ಬೆಲೆ ಏರುತ್ತದೆ” ಎಂದು ಸಲಹೆ ಕೊಡುವವರೂ ಇದ್ದಾರೆ. ಬೇಡ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಣ್ಣ ಬಳಿಯುವಂತಿಲ್ಲ. ಸೇನೆಯ ಬಾಣದ ಗುರುತಿನ ನಂಬರ್ ಪ್ಲೇಟನ್ನೂ ಹಾಕಿ ಓಡಿಸುವಂತಿಲ್ಲ.

ಜೋಂಗಾ ಅಥವಾ ಶಕ್ತಿಮಾನ್‌ನಂಥ ಗಾಡಿ ಸೇನೆಯ ಹರಾಜಿನಲ್ಲಿ ಬಂದಿದ್ದರೆ, ಆಗ ಕೊಟ್ಟ ಮಾರಾಟ ಪತ್ರವನ್ನೂ ಹುಡುಕಿ. ಅದು ಸೇನೆಯಿಂದ ಕದ್ದ ಮಾಲಲ್ಲ ಎಂದು ತೋರಿಸಲು ಕೈಯಲ್ಲಿರುವ ಪುರಾವೆ ಅದೊಂದೇ ಆಗಿರಬಹುದು.

ನಮ್ಮ ಓದುಗರಿಗೆ ಟ್ರಕ್ಕಿನ ಆರ್‌ಸಿ ಪುಸ್ತಕ ತಂದೆಯ ಟ್ರಂಕಿನಲ್ಲಿ, ತೋಟದ ಹಳೇ ಲೆಕ್ಕದ ಪುಸ್ತಕಗಳ ಕೆಳಗೆ ಸಿಕ್ಕಿದೆಯಂತೆ. ಅಮ್ಮ ಮತ್ತು ತಂಗಿಯ ಸಹಿ ಆಗುವವರೆಗೆ ಮುಂಗಡ ಮುಟ್ಟುವುದಿಲ್ಲ ಎಂದು ಬಂದವರಿಗೆ ಹೇಳಿ ಕಳುಹಿಸಿದ್ದಾರೆ.