ಹಬ್ಬದ ಪೂಜೆಗೆ ಯಾವ ಟ್ರಾಂಬೋನ್? ಕೆಲವು ತಪ್ಪು ಕಲ್ಪನೆಗಳು, ಕೆಲವು ವಾಸ್ತವಗಳು

ಕ್ರಿಸ್‌ಮಸ್ ಹತ್ತಿರವಾದಂತೆ ಕೊಚ್ಚಿ, ತಿರುವನಂತಪುರದ ಚರ್ಚುಗಳಲ್ಲಿ ಕ್ವಾಯರ್ ಅಭ್ಯಾಸ ಬಿರುಸಾಗುತ್ತದೆ. ಕೀಬೋರ್ಡ್, ಗಿಟಾರ್ ನುಡಿಸುವವರಿಗೆ ಬರವಿಲ್ಲ. ಟ್ರಾಂಬೋನ್ ನುಡಿಸುವವರು ಒಬ್ಬರು ಸಿಕ್ಕರೂ ಕ್ವಾಯರ್ ಮಾಸ್ಟರ್ ಬಿಡುವುದಿಲ್ಲ. ಆದರೆ ವಾದ್ಯ ಕೊಳ್ಳಲು ಹೊರಟವರಿಗೆ ಸಲಹೆಗಳ ಕಾಟ. ದೊಡ್ಡದು ತಗೊಳ್ಳಿ ಅನ್ನುವವರು ಒಬ್ಬರು, ವಾಲ್ವ್ ಇದ್ದರೆ ಸುಲಭ ಅನ್ನುವವರು ಇನ್ನೊಬ್ಬರು. ನೀವು ನುಡಿಸುವುದು ಎಲ್ಲಿ ನಿಂತು, ಯಾರ ಜೊತೆ, ಯಾವ ಸಾಲನ್ನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಅದು ಗೊತ್ತಾಗದೆ ಬೆಲೆಪಟ್ಟಿ ನೋಡಿ ಪ್ರಯೋಜನವಿಲ್ಲ. ಕಾಸರಗೋಡು, ಮಂಗಳೂರಿನ ಚರ್ಚುಗಳಿಗೂ ಈ ಮಾತು ಸಲ್ಲುತ್ತದೆ.

ತಪ್ಪು ಕಲ್ಪನೆ 1: ಟ್ರಾಂಬೋನ್ ಮೆರವಣಿಗೆಯ ವಾದ್ಯ, ಆರಾಧನೆಗೆ ಒಗ್ಗುವುದಿಲ್ಲ.

ವಾಸ್ತವ: ಮದುವೆ ದಿಬ್ಬಣದ ಬ್ಯಾಂಡನ್ನು, ದಸರೆಯ ಪೊಲೀಸ್ ಬ್ಯಾಂಡನ್ನು ಕಂಡವರಿಗೆ ಹಾಗನ್ನಿಸುವುದು ಸಹಜ. ಆದರೆ ಈ ವಾದ್ಯ ಸಿಂಫನಿಗಿಂತ ಎಷ್ಟೋ ಮೊದಲೇ ಚರ್ಚಿನಲ್ಲಿ ನೆಲೆ ಕಂಡಿತ್ತು. ವೆನಿಸ್‌ನ ಸೇಂಟ್ ಮಾರ್ಕ್ ಬೆಸಿಲಿಕಾದ ಜೊವಾನ್ನಿ ಗಾಬ್ರಿಯೇಲಿ 1597ರಲ್ಲಿ ಅಚ್ಚು ಹಾಕಿಸಿದ ‘ಸೊನಾಟಾ ಪಿಯಾನ್ ಎ ಫೋರ್ತೆ’ಯ ಎಂಟು ವಾದ್ಯಗಳಲ್ಲಿ ಆರು ಟ್ರಾಂಬೋನ್‌ಗಳೇ. ಮೊಜಾರ್ಟ್ 1791ರ ತನ್ನ ರಿಕ್ವಿಯಂನಲ್ಲಿ ಟ್ರಾಂಬೋನಿಗೆ ಒಂಟಿ ಸಾಲನ್ನೇ ಬರೆದ. ಬೀಥೋವನ್ 1812ರಲ್ಲಿ ಲಿನ್ಸ್ ನಗರದ ಮೃತರ ಸ್ಮರಣೆಯ ದಿನಕ್ಕಾಗಿ ನಾಲ್ಕು ಟ್ರಾಂಬೋನ್‌ಗಳ ಪುಟ್ಟ ಕೃತಿಗಳನ್ನು ರಚಿಸಿದ. ಅದೇ ಬೀಥೋವನ್ ತನ್ನ ಸಿಂಫನಿಯೊಂದರಲ್ಲಿ ಮೊದಲ ಬಾರಿಗೆ ಟ್ರಾಂಬೋನ್ ಬಳಸಿದ್ದು 1808ರ ಐದನೆಯದರಲ್ಲಿ, ಅದೂ ಕೊನೆಯ ಭಾಗದಲ್ಲಿ ಮಾತ್ರ.

ಇನ್ನೊಂದು ಮಾತು. ಕ್ರಿಸ್‌ಮಸ್ ಹೊತ್ತಿಗೆ ಕ್ವಾಯರ್‌ಗಳು ಹಾಡುವ ಹ್ಯಾಂಡೆಲ್‌ನ ‘ಮೆಸಾಯ’ದ ಮೂಲದಲ್ಲಿ ಟ್ರಾಂಬೋನ್ ಇಲ್ಲ. ಅದನ್ನು ಸೇರಿಸಿದ್ದು 1789ರಲ್ಲಿ ಆ ಕೃತಿಯನ್ನು ಹೊಸದಾಗಿ ಅಳವಡಿಸಿದ ಮೊಜಾರ್ಟ್. ಹಾಗಾಗಿ ‘ಹಲ್ಲೆಲೂಯ’ ನುಡಿಸಬೇಕೆಂದರೆ ಯಾವ ಆವೃತ್ತಿ ಎಂದು ಮೊದಲೇ ಕೇಳಿಕೊಳ್ಳಿ. ಮೂಲ ಆವೃತ್ತಿಯಾದರೆ ಗಾಯಕರ ಸಾಲನ್ನು ಹಿಂಬಾಲಿಸುವುದೇ ನಿಮ್ಮ ಕೆಲಸ.

ತಪ್ಪು ಕಲ್ಪನೆ 2: ಒಳಗಾದರೇನು, ಹೊರಗಾದರೇನು, ವಾದ್ಯ ಒಂದೇ.

ವಾಸ್ತವ: ಕೊಚ್ಚಿಯ ಎಡಪ್ಪಳ್ಳಿಯ ಸೇಂಟ್ ಜಾರ್ಜ್ ಪೆರುನ್ನಾಳ್ (ಹಬ್ಬ) ಅಥವಾ ತಿರುವನಂತಪುರದ ವೆಟ್ಟುಕಾಡಿನಲ್ಲಿ ನವೆಂಬರ್‌ನಲ್ಲಿ ನಡೆಯುವ ಕ್ರಿಸ್ತರಾಜನ ಹಬ್ಬವೆಂದರೆ ಜನಸಾಗರ. ಅಂಥ ಹಬ್ಬದ ಮೆರವಣಿಗೆಯಲ್ಲಿ ನುಡಿಸುವ ಬ್ಯಾಂಡ್ ಸೆಟ್‌ನಲ್ಲಿ ಕ್ಲಾರಿನೆಟ್, ಟ್ರಂಪೆಟ್, ಯುಫೋನಿಯಂ, ಡ್ರಮ್‌ಗಳ ನಡುವೆ ನಿಮ್ಮ ದನಿ ಕೇಳಿಸಬೇಕು. ಬಯಲಿನಲ್ಲಿ ದನಿಯನ್ನು ಹಿಂದಿರುಗಿಸುವ ಗೋಡೆಯಿಲ್ಲ. ಕಿರಿದಾದ ಕೊಳವೆಯ, ಚುರುಕಾದ ನಾದದ, ಹಗುರ ವಾದ್ಯ ಅಲ್ಲಿಗೆ ತಕ್ಕದ್ದು. ನಡೆಯುವಾಗ ಸ್ಲೈಡ್ ಮುಂದಿನವರ ಬೆನ್ನಿಗೆ ತಾಗಬಾರದೆಂದೇ ಬ್ಯಾಂಡುಗಳಲ್ಲಿ ಟ್ರಾಂಬೋನ್‌ನವರನ್ನು ಮೊದಲ ಸಾಲಿನಲ್ಲಿ ನಿಲ್ಲಿಸುವ ರೂಢಿಯಿದೆ.

ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಬೆಸಿಲಿಕಾ, ತಿರುವನಂತಪುರದ ಪಾಳಯಂನ ಸೇಂಟ್ ಜೋಸೆಫ್ ಕೆಥೆಡ್ರಲ್‌ಗಳಂಥ ಎತ್ತರದ ಚಾವಣಿಯ ಕಟ್ಟಡಗಳಲ್ಲಿ ಲೆಕ್ಕವೇ ಬೇರೆ. ಸ್ವರ ನಿಲ್ಲಿಸಿದ ಮೇಲೂ ನಾದ ಗೋಡೆಗಳ ನಡುವೆ ಸುಳಿದಾಡುತ್ತದೆ. ಟ್ರಾಂಬೋನ್ ತನ್ನ ಬೆಲ್, ಅಂದರೆ ಅಗಲ ಬಾಯಿ, ಮುಖ ಮಾಡಿದ ದಿಕ್ಕಿಗೇ ದನಿಯನ್ನು ನೇರವಾಗಿ ಎಸೆಯುತ್ತದೆ. ಬೆಲ್ ಗಾಯಕರ ಕಡೆಗಿದ್ದರೆ ಅವರಿಗೆ ತಮ್ಮ ಶ್ರುತಿಯೇ ಕೇಳಿಸದು. ಬೆಲ್ಲನ್ನು ಮ್ಯೂಸಿಕ್ ಸ್ಟ್ಯಾಂಡಿನ ಹಿಂದಕ್ಕೆ ತುಸು ತಗ್ಗಿಸಿ, ಇಲ್ಲವೇ ದನಿ ತಗ್ಗಿಸುವ ಒಂದು ಕಪ್ ಮ್ಯೂಟ್ ಕೊಳ್ಳಿ. ಸ್ಲೈಡ್ ಪೂರ್ತಿ ಚಾಚಿದರೆ ಮುಂದೆ ಅರ್ಧ ಮೀಟರಿಗೂ ಹೆಚ್ಚು ಜಾಗ ಬೇಕಾಗುವುದರಿಂದ ಕ್ವಾಯರಿನ ಅಂಚಿನಲ್ಲಿ ನಿಲ್ಲುವುದು ಲೇಸು. ಸೀಲಿಂಗ್ ಫ್ಯಾನ್ ಗಾಳಿಗೆ ಹಾಳೆ ಹಾರದಂತೆ ಕ್ಲಿಪ್ಪನ್ನೂ ಮರೆಯಬೇಡಿ.

ತಪ್ಪು ಕಲ್ಪನೆ 3: ಬೋರ್ ದೊಡ್ಡದಾದಷ್ಟೂ ವಾದ್ಯ ಉತ್ತಮ.

ವಾಸ್ತವ: ಬೋರ್ ಎಂದರೆ ಸ್ಲೈಡ್ ಕೊಳವೆಯ ಒಳವ್ಯಾಸ. ಟೆನರ್ ಟ್ರಾಂಬೋನ್‌ಗಳಲ್ಲಿ ಅದು ಸುಮಾರು 12.2 ಮಿ.ಮೀ.ನಿಂದ 13.9 ಮಿ.ಮೀ.ವರೆಗೆ ಇರುತ್ತದೆ. ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ, ಆದರೆ ಉಸಿರಿಗೆ ಅದು ಚೆನ್ನಾಗಿ ತಿಳಿಯುತ್ತದೆ. ಆರ್ಕೆಸ್ಟ್ರಾದವರು ಮೆಚ್ಚುವ ಬಾಕ್ 42ರ ಬೋರ್ 13.9 ಮಿ.ಮೀ. ತುಂಬು ಉಸಿರು ಕೊಟ್ಟರೆ ಅದರ ನಾದ ಗುಂಡಾಗಿ, ಗಂಭೀರವಾಗಿ ಬರುತ್ತದೆ. ವಾರಕ್ಕೆ ಒಂದೆರಡು ದಿನ ನುಡಿಸುವವರು ಅದನ್ನು ಹಿಡಿದರೆ ನಾಲ್ಕನೇ ಹಾಡಿನ ಹೊತ್ತಿಗೆ ತುಟಿ ಸೋಲುತ್ತದೆ. ಪಾತಿರಾ ಕುರ್ಬಾನ, ಅಂದರೆ ಕ್ರಿಸ್‌ಮಸ್ ನಡುರಾತ್ರಿಯ ಪೂಜೆಯಲ್ಲಿ, ಹಾಡುಗಳು ಅಷ್ಟಕ್ಕೇ ಮುಗಿಯುವುದಿಲ್ಲ.

ಕಲಿಯುವವರಿಗೆಂದೇ ಮಾಡಿದ ಯಮಹಾ ವೈಎಸ್‌ಎಲ್-354ರ ಬೋರ್ 12.7 ಮಿ.ಮೀ., ಕಿಂಗ್ 3ಬಿ ಮಾದರಿಯದು 12.9 ಮಿ.ಮೀ. ಇವು ಮೆರವಣಿಗೆಗೂ ಸಣ್ಣ ಕ್ವಾಯರಿಗೂ ಹೊಂದುತ್ತವೆ. ಒಳಗೇ ನುಡಿಸುವುದು ಹೆಚ್ಚು, ಜೊತೆಗೆ ನಾಲ್ಕು ದನಿಗಳ ಗಾಯನವಿದೆ ಎಂದಾದರೆ 13.3 ಮಿ.ಮೀ. ಆಸುಪಾಸಿನ ಮಧ್ಯಮ ಬೋರ್ ಒಳ್ಳೆಯ ನಡುದಾರಿ. ಮೌತ್‌ಪೀಸ್ ಕೊಳ್ಳುವ ಮುನ್ನ ಅದರ ಬುಡ ನೋಡಿ: ಸಣ್ಣ ಶ್ಯಾಂಕ್, ದೊಡ್ಡ ಶ್ಯಾಂಕ್ ಎಂದು ಎರಡು ಬಗೆ ಸಾಮಾನ್ಯ, ಒಂದರದು ಇನ್ನೊಂದಕ್ಕೆ ಕೂರದು.

ತಪ್ಪು ಕಲ್ಪನೆ 4: ಎಫ್ ಅಟ್ಯಾಚ್‌ಮೆಂಟ್ ಇಲ್ಲದ ಟ್ರಾಂಬೋನ್ ಅರೆಬರೆ ವಾದ್ಯ.

ವಾಸ್ತವ: ಲೈಪ್‌ಜಿಗ್‌ನ ವಾದ್ಯ ತಯಾರಕ ಜಾಟ್ಲರ್ 1839ರಲ್ಲಿ ರೂಪಿಸಿದ ಈ ಏರ್ಪಾಟಿನಲ್ಲಿ ಎಡಗೈ ಹೆಬ್ಬೆರಳಿನಿಂದ ವಾಲ್ವ್ ಒತ್ತಿದರೆ ಹೆಚ್ಚುವರಿ ಕೊಳವೆ ತೆರೆದುಕೊಂಡು ವಾದ್ಯ ಬಿ ಫ್ಲ್ಯಾಟ್‌ನಿಂದ ಎಫ್‌ಗೆ ಇಳಿಯುತ್ತದೆ. ಕೈ ಪೂರ್ತಿ ಚಾಚಬೇಕಾದ, ಸ್ಲೈಡಿನ ಏಳು ಸ್ಥಾನಗಳಲ್ಲಿ ಆರು ಮತ್ತು ಏಳನೆಯದರ ಸ್ವರಗಳು ಮೊದಲೆರಡು ಸ್ಥಾನಗಳಲ್ಲೇ ಸಿಗುತ್ತವೆ. ಸ್ತುತಿಗೀತೆಗಳ ಬಾಸ್ ಸಾಲು ನುಡಿಸುವವರಿಗೆ, ತೋಳು ಗಿಡ್ಡವಿರುವ ಮಕ್ಕಳಿಗೆ ಇದು ವರವೇ ಸರಿ. ಟೆನರ್ ಸಾಲಿಗೆ ಅದರ ಅಗತ್ಯ ಅಪರೂಪ. ಬಳಸದ ವಾಲ್ವಿನ ಭಾರವನ್ನು ಇಡೀ ಪೂಜೆಯುದ್ದಕ್ಕೂ ಎಡಗೈ ಹೊರಬೇಕಾಗುತ್ತದೆ.

ತಪ್ಪು ಕಲ್ಪನೆ 5: ಸ್ಲೈಡ್ ಕಷ್ಟ, ವಾಲ್ವ್ ಟ್ರಾಂಬೋನ್ ತಗೊಂಡರೆ ಮುಗಿಯಿತು.

ವಾಸ್ತವ: ದೇಶದ ಬ್ಯಾಂಡುಗಳಲ್ಲಿ ಕಾಣುವ ವಾಲ್ವ್ ಟ್ರಾಂಬೋನ್‌ಗೆ ಅದರದೇ ಉಪಯೋಗವಿದೆ: ಯುಫೋನಿಯಂ, ಟ್ರಂಪೆಟ್ ಬಲ್ಲವರು ಅದೇ ಬೆರಳಿಕೆಯಲ್ಲಿ ನುಡಿಸಬಹುದು, ಜನದಟ್ಟಣೆಯಲ್ಲಿ ಸ್ಲೈಡಿನ ಭಯವಿಲ್ಲ. ಆದರೆ ಒಂದು ಮತ್ತು ಮೂರನೇ ವಾಲ್ವ್ ಒಟ್ಟಿಗೆ ಒತ್ತಿದಾಗ ಸ್ವರ ತುಸು ಏರುತ್ತದೆ. ಅದನ್ನು ತಿದ್ದುವ ಕೆಲಸ ತುಟಿಯದು. ಸ್ಲೈಡ್ ಪಿಟೀಲಿನ ತಂತಿಯ ಹಾಗೆ: ಮೆಟ್ಟಿಲುಗಳಿಲ್ಲ, ಕಿವಿ ಹೇಳಿದ ಜಾಗಕ್ಕೆ ಕೈ ಸರಿಯುತ್ತದೆ. ಬ್ಯಾಂಡಿಗೆ ಮಾತ್ರವಾದರೆ ವಾಲ್ವ್ ನಡೆಯುತ್ತದೆ. ಕ್ವಾಯರ್ ಜೊತೆಗಾದರೆ ಸ್ಲೈಡೇ ಸರಿ.

ತಪ್ಪು ಕಲ್ಪನೆ 6: ಬಾಸ್ ಕ್ಲೆಫ್ ಓದಲು ಬಂದರೆ ಯಾವ ತಂಡದಲ್ಲೂ ಕೂರಬಹುದು.

ವಾಸ್ತವ: ಹೊಸಬರು ಹೆಚ್ಚು ಎಡವುವುದು ಇಲ್ಲೇ. ತಿರುವನಂತಪುರದ ಕವಡಿಯಾರ್‌ನಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸಂಸ್ಥೆಯ ನೈಋತ್ಯ ಭಾರತ ವಲಯದ ಮುಖ್ಯ ಕಚೇರಿಯಿದೆ. ಆ ಸಂಸ್ಥೆಯ ಬ್ರಾಸ್ ಬ್ಯಾಂಡ್ ಪರಂಪರೆ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ 1878ರಲ್ಲಿ ಫ್ರೈ ಎಂಬ ತಂದೆ ಮತ್ತು ಆತನ ಮಕ್ಕಳಿಂದ ಮೊದಲಾಯಿತು. 1882ರಲ್ಲಿ ಸಂಸ್ಥೆ ಮುಂಬೈಗೆ ಬಂದಿಳಿಯಿತು. ಅದರ ಬ್ಯಾಂಡುಗಳು ಅನುಸರಿಸುವ ಬ್ರಿಟಿಷ್ ಬ್ರಾಸ್ ಬ್ಯಾಂಡ್ ಪದ್ಧತಿಯಲ್ಲಿ ಟೆನರ್ ಟ್ರಾಂಬೋನ್‌ನ ಸಾಲನ್ನು ಟ್ರೆಬಲ್ ಕ್ಲೆಫ್‌ನಲ್ಲಿ, ಬಿ ಫ್ಲ್ಯಾಟ್ ಲೆಕ್ಕದಲ್ಲಿ ಬರೆಯುತ್ತಾರೆ. ಹಾಳೆಯಲ್ಲಿ ಸಿ ಇದ್ದರೆ ಹೊಮ್ಮುವುದು ಬಿ ಫ್ಲ್ಯಾಟ್, ಅದೂ ಒಂದು ಸ್ಥಾಯಿ ಕೆಳಗೆ. ಬಾಸ್ ಟ್ರಾಂಬೋನ್ ಮಾತ್ರ ಬಾಸ್ ಕ್ಲೆಫ್‌ನಲ್ಲಿ, ಬರೆದಂತೆಯೇ ನುಡಿಯುತ್ತದೆ. ಕ್ವಾಯರಿನ ಸ್ತುತಿಗೀತೆ ಪುಸ್ತಕದಲ್ಲಿ ಟೆನರ್ ಮತ್ತು ಬಾಸ್ ಎರಡೂ ಬಾಸ್ ಕ್ಲೆಫ್‌ನಲ್ಲಿ, ಇದ್ದ ಶ್ರುತಿಯಲ್ಲೇ ಇರುತ್ತವೆ.

ಒಂದು ಕಡೆ ಕಲಿತು ಇನ್ನೊಂದು ಕಡೆ ಕೂತರೆ ಮೊದಲ ಸ್ವರಕ್ಕೇ ಎಲ್ಲರೂ ತಿರುಗಿ ನೋಡುತ್ತಾರೆ. ಪಳಗಿದವರ ಕೀಲಿಕೈ ಹೀಗಿದೆ: ಬ್ಯಾಂಡಿನ ಟ್ರೆಬಲ್ ಸಾಲನ್ನು ಟೆನರ್ ಕ್ಲೆಫ್ ಎಂದು ಭಾವಿಸಿ, ಎರಡು ಫ್ಲ್ಯಾಟ್ ಸೇರಿಸಿ ಓದಿದರೆ ನಿಜವಾದ ಸ್ವರ ಸಿಗುತ್ತದೆ. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಗುಂಡಿ ಒತ್ತಿ ಶ್ರುತಿ ಬದಲಿಸಿಬಿಡುತ್ತಾರೆ. ಟ್ರಾಂಬೋನ್‌ನಲ್ಲಿ ಅಂಥ ಗುಂಡಿಯಿಲ್ಲ. ಹಾಡುಗಳ ಪಟ್ಟಿಯ ಜೊತೆಗೆ ಶ್ರುತಿಯ ಪಟ್ಟಿಯನ್ನೂ ಮೊದಲೇ ಕೇಳಿ ಪಡೆಯಿರಿ.

ತಪ್ಪು ಕಲ್ಪನೆ 7: ಪ್ಲಾಸ್ಟಿಕ್ ಟ್ರಾಂಬೋನ್ ಆಟಿಕೆ.

ವಾಸ್ತವ: ಪಿಬೋನ್ ಎಂಬ ಪ್ಲಾಸ್ಟಿಕ್ ವಾದ್ಯದ ತೂಕ ಸುಮಾರು 800 ಗ್ರಾಂ. ಮನೆಮನೆಗೆ ಹೋಗುವ ಕ್ಯಾರಲ್ ತಂಡಕ್ಕೆ, ಮೊದಲ ವರ್ಷದ ಕಲಿಕೆಗೆ ಅದು ಸಾಕು. ಉಪ್ಪುಗಾಳಿಯ ಹೆದರಿಕೆಯೂ ಇಲ್ಲ. ಬೆಸಿಲಿಕಾದ ಒಳಗೆ ಹಿತ್ತಾಳೆಯ ತುಂಬುನಾದವನ್ನು ಅದರಿಂದ ನಿರೀಕ್ಷಿಸಬಾರದು, ಅಷ್ಟೇ.

ತಪ್ಪು ಕಲ್ಪನೆ 8: ಹಳೆಯದಾದರೂ ಫಳಫಳ ಹೊಳೆಯುತ್ತಿದ್ದರೆ ಕೊಳ್ಳಬಹುದು.

ವಾಸ್ತವ: ಹೊಳಪು ಪಾಲಿಷ್‌ನದು, ವಾದ್ಯದ ಜೀವ ಸ್ಲೈಡಿನಲ್ಲಿದೆ. ಬೆಲ್‌ನ ಅಂಚಿನಲ್ಲಿ ನೆಗ್ಗಿದ್ದರೆ ಚಿಂತೆಯಿಲ್ಲ, ಸ್ಲೈಡ್ ನೆಗ್ಗಿದ್ದರೆ ಬಿಟ್ಟುಬಿಡಿ. ಸ್ಲೈಡನ್ನು ಲಂಬವಾಗಿ ಹಿಡಿದು ಹೊರಕೊಳವೆಯನ್ನು ಸಡಿಲ ಬಿಟ್ಟರೆ ತಡೆಯಿಲ್ಲದೆ ಜಾರಬೇಕು. ಕೆಳಗೆ ಇನ್ನೊಂದು ಕೈ ಸಿದ್ಧವಿರಲಿ. ಆಮೇಲೆ ಮೇಲಿನ ಎರಡು ಬಾಯಿಗಳನ್ನು ಬೆರಳಿಂದ ಮುಚ್ಚಿ ಸ್ಲೈಡ್ ಎಳೆಯಿರಿ. ಬೆರಳು ತೆಗೆದಾಗ ‘ಟಪ್’ ಎಂದರೆ ಗಾಳಿ ಸೋರುತ್ತಿಲ್ಲ. ಮೌತ್‌ಪೀಸ್ ಕೂರುವ ಕೊಳವೆಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ನಸುಗೆಂಪು ಚುಕ್ಕೆಗಳಿದ್ದರೆ ಹಿತ್ತಾಳೆಯಲ್ಲಿನ ಸತು ಕರಗಿ ತಾಮ್ರ ಉಳಿದಿದೆ ಎಂದರ್ಥ. ಆ ಜಾಗ ಇಂದಲ್ಲ ನಾಳೆ ತೂತಾಗುತ್ತದೆ. ಸಿಕ್ಕಿಕೊಂಡ ಮೌತ್‌ಪೀಸನ್ನು ಅಂಗಡಿಯವರು ಇಕ್ಕಳ ಹಿಡಿದು ತೆಗೆಯಲು ಹೊರಟರೆ ತಡೆಯಿರಿ. ಅದಕ್ಕೆಂದೇ ಪುಲ್ಲರ್ ಎಂಬ ಸಲಕರಣೆಯಿದೆ.

ತಪ್ಪು ಕಲ್ಪನೆ 9: ಸ್ಲೈಡಿಗೆ ಮನೆಯ ತೆಂಗಿನೆಣ್ಣೆ ಸಾಕು.

ವಾಸ್ತವ: ಕೇರಳದಲ್ಲಿ ಎಲ್ಲಕ್ಕೂ ತೆಂಗಿನೆಣ್ಣೆಯೇ ಮದ್ದು, ಸ್ಲೈಡಿಗೆ ಮಾತ್ರ ಅಲ್ಲ. ಅದು ಸುಮಾರು 24 ಡಿಗ್ರಿಯಲ್ಲಿ ಹೆಪ್ಪುಗಟ್ಟತೊಡಗುತ್ತದೆ. ಏಸಿ ಹಾಕಿದ ಸಭಾಂಗಣದಲ್ಲಿ ಸ್ಲೈಡ್ ಹಿಡಿದುಕೊಂಡೀತು. ದಿನ ಕಳೆದಂತೆ ಜಿಗುಟಾಗಿ ದೂಳನ್ನೂ ಹಿಡಿಯುತ್ತದೆ. ಸ್ಲೈಡಿಗೆಂದೇ ತಯಾರಾದ ದ್ರವ ಬಳಸಿ. ಅದು ಸಿಗದ ಕಾಲದಲ್ಲಿ ವಾದಕರು ಪಾಂಡ್ಸ್ ಕೋಲ್ಡ್ ಕ್ರೀಮ್ ತೆಳುವಾಗಿ ಸವರಿ ನೀರು ಚಿಮುಕಿಸುತ್ತಿದ್ದರು. ಕಡಲ ಗಾಳಿಯ ಊರಿನಲ್ಲಿ ನುಡಿಸಿದ ಮೇಲೆ ಒಳಗಿನ ತೇವ ಒರೆಸಿಯೇ ಪೆಟ್ಟಿಗೆ ಮುಚ್ಚಬೇಕು. ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಕುದಿನೀರು ತಾಗಿದರೆ ಲ್ಯಾಕರ್ ಎದ್ದುಬರುತ್ತದೆ.

ತಪ್ಪು ಕಲ್ಪನೆ 10: ಹಬ್ಬಕ್ಕೆ ಒಂದು ವಾರ ಮೊದಲು ಕೊಂಡರೂ ನಡೆಯುತ್ತದೆ.

ವಾಸ್ತವ: ಏಳು ಸ್ಥಾನಗಳು ಕೈಗೆ ಅಭ್ಯಾಸವಾಗಲು ತಿಂಗಳುಗಳು ಬೇಕು. ಹಿಂದೆ ನುಡಿಸುತ್ತಿದ್ದವರಿಗೂ ಹೊಸ ಬೋರ್, ಹೊಸ ಮೌತ್‌ಪೀಸ್‌ಗೆ ತುಟಿ ಹೊಂದಬೇಕು. ಚರ್ಚಿನ ಪಂಚಾಂಗವನ್ನೂ ನೋಡಿಕೊಳ್ಳಿ. ಲ್ಯಾಟಿನ್ ವಿಧಿಯ ಚರ್ಚುಗಳಲ್ಲಿ ತಪಸ್ಸುಕಾಲದ ಸಾಮಾನ್ಯ ದಿನಗಳಲ್ಲಿ ವಾದ್ಯಗಳು ಗಾಯನಕ್ಕೆ ಆಸರೆಯಾಗಿ ಮಾತ್ರ ಇರಬೇಕೆಂಬ ನಿಯಮವಿದೆ. ಹೀಗಾಗಿ ಆ ವಾರಗಳಲ್ಲಿ ಪೂಜೆಯಲ್ಲೇ ನುಡಿಸಿ ಕೈ ಪಳಗಿಸಿಕೊಳ್ಳುವ ಅವಕಾಶ ಕಡಿಮೆ. ಈಸ್ಟರ್‌ಗೆ ನುಡಿಸುವವರು ಕ್ರಿಸ್‌ಮಸ್ ಮುಗಿಯುತ್ತಿದ್ದಂತೆ, ಕ್ರಿಸ್‌ಮಸ್‌ಗೆ ನುಡಿಸುವವರು ಓಣಂ ಕಳೆಯುತ್ತಿದ್ದಂತೆ ವಾದ್ಯ ಕೊಳ್ಳಲಿ. ಅಂಗಡಿಗೆ ಹೋಗುವ ಮೊದಲು ಕ್ವಾಯರ್ ಮಾಸ್ಟರರ ಹತ್ತಿರ ನಿಮ್ಮ ಸಾಲಿನ ಹಾಳೆ ಕೇಳಿ ಪಡೆದು, ಅದನ್ನೇ ಜೊತೆಗೆ ಒಯ್ಯಿರಿ. ಮಾರುವವರ ಮುಂದೆ ಆ ಹಾಳೆಯನ್ನು ನುಡಿಸಿ ನೋಡಿ. ನಾಲ್ಕು ಚರಣ ದಣಿವಿಲ್ಲದೆ ಮುಗಿಸಲು ಬಿಟ್ಟ ವಾದ್ಯವೇ ನಿಮ್ಮದು.