ಲಾಗ್: ದಿಮ್ಮಿಯಿಂದ ದಾಖಲೆಯವರೆಗೆ

ಇಂಗ್ಲಿಷ್ ನಿಘಂಟಿನಲ್ಲಿ ‘ಲಾಗ್’ ಎಂಬ ಶಬ್ದವನ್ನು ಹುಡುಕಿದವರಿಗೆ ಅಲ್ಲಿ ದೊರೆಯುವ ಅರ್ಥಗಳು ಒಂದಕ್ಕೊಂದು ಸಂಬಂಧವಿಲ್ಲದವುಗಳಂತೆ ತೋರುತ್ತವೆ. ಕಡಿದು ಕೆಡವಿದ ಮರದ ದಿಮ್ಮಿ ಲಾಗ್. ಹಡಗಿನ ವೇಗವನ್ನಳೆಯುವ ಉಪಕರಣ ಲಾಗ್. ಹಡಗಿನ ದಿನಚರಿಯೂ ಲಾಗ್. ಸರ್ಕಾರಿ ಜೀಪಿನ ಚಾಲಕನು ದಿನದಿನದ ಓಡಾಟವನ್ನು ಬರೆದಿಡುವುದು ಲಾಗ್ ಪುಸ್ತಕದಲ್ಲಿ. ಗಣಕಯಂತ್ರದ ಮುಂದೆ ಕುಳಿತವನು ಮೊದಲು ‘ಲಾಗ್ ಇನ್’ ಆಗಬೇಕು. ಮರದ ತುಂಡಿಗೂ ಗಣಕಯಂತ್ರಕ್ಕೂ ಎಲ್ಲಿಯ ನಂಟು? ಇದನ್ನು ತಿಳಿಯಬೇಕಾದರೆ ನಾವು ಸುಮಾರು ನಾನೂರೈವತ್ತು ವರ್ಷ ಹಿಂದಕ್ಕೆ, ಹಾಯಿಹಡಗುಗಳ ಕಾಲಕ್ಕೆ ಹೋಗಬೇಕು.

ನೆಲದ ಮೇಲೆ ನಡೆಯುವವನಿಗೆ ದಾರಿಯಲ್ಲಿ ಮೈಲಿಗಲ್ಲುಗಳುಂಟು, ಊರುಗಳುಂಟು. ನಡುಗಡಲಿನಲ್ಲಿ ನಾವಿಕನಿಗೆ ಸುತ್ತಲೂ ಕಾಣುವುದು ನೀರೊಂದೇ. ಯಾವ ದಿಕ್ಕಿಗೆ ಹೋಗುತ್ತಿದ್ದೇನೆಂಬುದನ್ನು ದಿಕ್ಸೂಚಿ ಹೇಳುತ್ತದೆ. ಆದರೆ ಎಷ್ಟು ದೂರ ಬಂದೆ? ವೇಗವನ್ನು ಕಾಲದಿಂದ ಗುಣಿಸಿದರೆ ದೂರ ಸಿಕ್ಕುತ್ತದೆ ಎಂಬುದನ್ನು ಶಾಲೆಯ ಹುಡುಗರೂ ಬಲ್ಲರು. ವೇಗವನ್ನು ಅಳೆಯುವುದು ಹೇಗೆ ಎಂಬುದೇ ತೊಡಕು. ಇದಕ್ಕೆ ನಾವಿಕರು ಕಂಡುಕೊಂಡ ಉಪಾಯ ಬಹಳ ಸರಳವಾದುದು. ಒಂದು ಮರದ ತುಂಡನ್ನು ನೀರಿಗೆಸೆದರೆ ಅದು ಬಿದ್ದಲ್ಲಿಯೇ ಹೆಚ್ಚುಕಡಿಮೆ ನಿಂತಿರುತ್ತದೆ. ಹಡಗು ಅದನ್ನು ಹಿಂದೆ ಬಿಟ್ಟು ಮುಂದೆ ಸಾಗುತ್ತದೆ. ತುಂಡಿನಿಂದ ಹಡಗು ಎಷ್ಟು ಬೇಗ ದೂರವಾಗುತ್ತದೆಯೋ ಅದೇ ಹಡಗಿನ ವೇಗ.

ಈ ವಿಧಾನದ ವರ್ಣನೆಯು ಇಂಗ್ಲೆಂಡಿನ ವಿಲಿಯಂ ಬೋರ್ನ್ ಎಂಬಾತನು 1574ರಲ್ಲಿ ಪ್ರಕಟಿಸಿದ ನೌಕಾಶಾಸ್ತ್ರದ ಪುಸ್ತಕದಲ್ಲಿದೆ. ಮುಂದೆ ಈ ತುಂಡು ವೃತ್ತದ ಕಾಲುಭಾಗದ ಆಕಾರದ ಹಲಗೆಯಾಯಿತು. ಅದರ ಬಾಗಿದ ಅಂಚಿಗೆ ಸೀಸವನ್ನು ಜಡಿಯುತ್ತಿದ್ದುದರಿಂದ ಹಲಗೆ ನೀರಿನಲ್ಲಿ ನೆಟ್ಟಗೆ ನಿಂತು ಹಡಗಿನ ಸೆಳೆತವನ್ನು ತಡೆಯುತ್ತಿತ್ತು. ಅದಕ್ಕೆ ಕಟ್ಟಿದ ಹುರಿಯನ್ನು ರಾಟೆಗೆ ಸುತ್ತಿ, ಹುರಿಯುದ್ದಕ್ಕೂ ಸಮಾನ ಅಂತರದಲ್ಲಿ ಗಂಟುಗಳನ್ನು ಹಾಕಿರುತ್ತಿದ್ದರು. ಒಬ್ಬನು ಹಲಗೆಯನ್ನು ಹಡಗಿನ ಹಿಂಬದಿಯಿಂದ ನೀರಿಗೆಸೆಯುವನು. ಇನ್ನೊಬ್ಬನು ಮರಳು ಗಡಿಯಾರವನ್ನು ತಿರುಗಿಸುವನು. ಮರಳೆಲ್ಲ ಸುರಿದು ಮುಗಿಯುವಷ್ಟರಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿಹೋದವೋ ಅಷ್ಟೇ ಹಡಗಿನ ವೇಗ. ಗಂಟಿಗೆ ಇಂಗ್ಲಿಷಿನಲ್ಲಿ ‘ನಾಟ್’ ಎನ್ನುತ್ತಾರೆ. ಇಂದಿಗೂ ಹಡಗು, ವಿಮಾನಗಳ ವೇಗವನ್ನು ‘ಇಷ್ಟು ನಾಟ್’ ಎಂದು ಹೇಳುವುದು ಈ ಹುರಿಯ ಗಂಟುಗಳಿಂದ ಬಂದ ರೂಢಿ.

ಇದರ ಲೆಕ್ಕವನ್ನು ವಾಚಕರು ತಾವೇ ಮಾಡಿ ನೋಡಬಹುದು. ಒಂದು ನಾಟ್ ಎಂದರೆ ಗಂಟೆಗೆ ಒಂದು ನೌಕಾಮೈಲಿ. ಒಂದು ನೌಕಾಮೈಲಿಗೆ ಈಗ ಅಂತರರಾಷ್ಟ್ರೀಯವಾಗಿ ಒಪ್ಪಿದ ಅಳತೆ 1,852 ಮೀಟರು. ಒಂದು ಗಂಟೆಗೆ 3,600 ಸೆಕೆಂಡು. ಮರಳು ಗಡಿಯಾರವು 28 ಸೆಕೆಂಡಿನದಾದರೆ ಆ ಅವಧಿಯಲ್ಲಿ ಒಂದು ನಾಟ್ ವೇಗದ ಹಡಗು ಸುಮಾರು 14.4 ಮೀಟರು ಸಾಗುತ್ತದೆ. ಗಂಟುಗಳ ನಡುವೆ ಇರಬೇಕಾದ ಅಂತರ ಇಷ್ಟೆ. ನಾವಿಕರ ಅಳತೆಯಲ್ಲಿ ಇದು ಸುಮಾರು 47 ಅಡಿ 3 ಅಂಗುಲ.

ಆದರೆ ಈ ಅಂತರವು ಮೊದಲಿನಿಂದಲೂ ಸರಿಯಾಗಿರಲಿಲ್ಲ. ನೌಕಾಮೈಲಿಯು ಅಕ್ಷಾಂಶದ ಒಂದು ಮಿನಿಟಿಗೆ, ಅಂದರೆ ಒಂದು ಡಿಗ್ರಿಯ 60ನೆಯ ಒಂದು ಭಾಗಕ್ಕೆ ಸಮನಾದ ದೂರ. ಹಿಂದಿನವರು ಭೂಮಿಯನ್ನು ಇರುವುದಕ್ಕಿಂತ ಚಿಕ್ಕದೆಂದು ಭಾವಿಸಿ ಈ ದೂರವನ್ನು 5,000 ಅಡಿಯೆಂದು ಹಿಡಿದಿದ್ದರು. 30 ಸೆಕೆಂಡಿನ ಗಡಿಯಾರಕ್ಕೆ 42 ಅಡಿಗೊಂದು ಗಂಟು ಹಾಕುತ್ತಿದ್ದರು. ರಿಚರ್ಡ್ ನಾರ್ವುಡ್ ಎಂಬಾತನು ಲಂಡನ್ ಮತ್ತು ಯಾರ್ಕ್ ನಗರಗಳಲ್ಲಿ ಸೂರ್ಯನ ಎತ್ತರವನ್ನೂ ಅವುಗಳ ನಡುವಣ ದೂರವನ್ನೂ ಅಳೆದು, 1637ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದನು. ಅವನ ಪ್ರಕಾರ ಈ ದೂರ 6,120 ಅಡಿ. ಇದು ಇಂದಿನ ಅಳತೆಗೆ ಬಹಳ ಹತ್ತಿರ. ಹಳೆಯ ಹುರಿಯನ್ನು ನಂಬಿದವನು ನೂರು ಮೈಲಿ ಸಾಗಿದ್ದರೆ ನೂರಿಪ್ಪತ್ತು ಮೈಲಿ ಸಾಗಿದೆನೆಂದು ತಿಳಿಯುತ್ತಿದ್ದನು!

ಕಡಲಿನಲ್ಲಿ ಸ್ಥಾನದ ಲೆಕ್ಕ ತಪ್ಪುವುದೆಂದರೆ ಪ್ರಾಣದ ಮಾತು. 1707ರ ಅಕ್ಟೋಬರಿನಲ್ಲಿ ಶೊವೆಲ್ ಎಂಬ ನೌಕಾಧಿಪತಿಯ ದಂಡು ತಾನೆಲ್ಲಿರುವೆನೆಂಬುದನ್ನು ಸರಿಯಾಗಿ ಅರಿಯದೆ ಇಂಗ್ಲೆಂಡಿನ ಬಳಿಯ ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿಯಿತು. ನಾಲ್ಕು ಹಡಗುಗಳು ಮುಳುಗಿ ಸಾವಿರಕ್ಕೂ ಹೆಚ್ಚು ಜನ ಮಡಿದರು.

ಇನ್ನು ತುಂಡಿನ ಹೆಸರು ಪುಸ್ತಕಕ್ಕೆ ಬಂದ ಬಗೆಯನ್ನು ನೋಡೋಣ. ಅಳೆದ ವೇಗ, ಸಾಗಿದ ದಿಕ್ಕು, ಗಾಳಿಯ ರೀತಿ ಇವುಗಳನ್ನು ಆಗಿಂದಾಗ್ಗೆ ಸೀಮೆಸುಣ್ಣದಿಂದ ಒಂದು ಹಲಗೆಯ ಮೇಲೆ ಬರೆದು, ಆಮೇಲೆ ಪುಸ್ತಕಕ್ಕೆ ಇಳಿಸುತ್ತಿದ್ದರು. ಲಾಗಿನ ಅಳತೆಗಳನ್ನು ಬರೆಯುವ ಪುಸ್ತಕವಾದುದರಿಂದ ಅದು ‘ಲಾಗ್ ಪುಸ್ತಕ’. ಕೊನೆಗೆ ಬರಿಯ ‘ಲಾಗ್’. ಮರದ ತುಂಡು ಮೂಲೆ ಸೇರಿದರೂ ಹೆಸರು ಉಳಿಯಿತು. ಕಾಲಕಾಲಕ್ಕೆ ತಪ್ಪದೆ ಬರೆದಿಡುವ ಯಾವ ದಾಖಲೆಯನ್ನಾದರೂ ಲಾಗ್ ಎನ್ನುವುದು ವಾಡಿಕೆಯಾಯಿತು. 1927ರಲ್ಲಿ ಫ್ರಾನ್ಸಿನಲ್ಲಿ ಷ್ಲಂಬರ್ಜರ್ ಸೋದರರ ತಂಡವು ಎಣ್ಣೆಬಾವಿಯೊಂದರೊಳಗೆ ವಿದ್ಯುನ್ನಿರೋಧವನ್ನು ಆಳ ಆಳಕ್ಕೂ ಅಳೆದು ಗುರುತಿಸಿದ ರೇಖಾಚಿತ್ರವನ್ನೂ ಲಾಗ್ ಎಂದೇ ಕರೆಯುತ್ತಾರೆ. ಅನೇಕರು ಹಂಚಿಕೊಂಡು ಬಳಸುವ ಗಣಕಯಂತ್ರಗಳು 1960ರ ದಶಕದಲ್ಲಿ ಬಂದಾಗ ಯಾರು ಯಾವಾಗ ಬಂದರು, ಹೋದರು ಎಂಬುದನ್ನು ಬರೆದಿಡಬೇಕಾಯಿತು. ಅಲ್ಲಿಂದ ‘ಲಾಗ್ ಇನ್’. ಅಂತರಜಾಲದ ದಿನಚರಿಗೆ 1997ರಲ್ಲಿ ‘ವೆಬ್‌ಲಾಗ್’ ಎಂಬ ಹೆಸರು ಹುಟ್ಟಿತು. ಎರಡು ವರ್ಷಗಳಲ್ಲಿ ಅದು ‘ಬ್ಲಾಗ್’ ಎಂದು ಮೊಟಕಾಯಿತು.

ಗಣಿತದ ‘ಲಾಗ್’ ಮಾತ್ರ ಈ ಕುಲಕ್ಕೆ ಸೇರಿದುದಲ್ಲ. ಅದು ‘ಲಾಗರಿದಮ್’ ಎಂಬುದರ ಮೊಟಕು ರೂಪ. 1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರನು ಗ್ರೀಕಿನ ‘ಲೋಗೋಸ್’, ‘ಅರಿತ್ಮೋಸ್’ ಎಂಬ ಎರಡು ಶಬ್ದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ದನಿ ಒಂದೇ ಆದ ಮಾತ್ರಕ್ಕೆ ಮೂಲವೂ ಒಂದೇ ಎಂದು ತಿಳಿಯಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಆ ಹಳೆಯ ಪುಸ್ತಕಗಳ ಬೆಲೆ ಅವುಗಳ ಯಾನದೊಡನೆ ಮುಗಿಯಲಿಲ್ಲ. ಅಮೆರಿಕದ ನೌಕಾದಳದ ಮ್ಯಾಥ್ಯೂ ಮೌರಿ ಎಂಬ ಅಧಿಕಾರಿಯು ಉಗ್ರಾಣದಲ್ಲಿ ರಾಶಿಬಿದ್ದಿದ್ದ ಲಾಗ್ ಪುಸ್ತಕಗಳಿಂದ ಗಾಳಿ ಮತ್ತು ಪ್ರವಾಹಗಳ ವಿವರಗಳನ್ನು ಹೆಕ್ಕಿ, 1847ರಿಂದ ನಕ್ಷೆಗಳನ್ನು ಪ್ರಕಟಿಸಿದನು; ಇವುಗಳಿಂದ ಹಡಗುಗಳ ಪ್ರಯಾಣದ ದಿನಗಳು ಕಡಿಮೆಯಾದವು. 2001ರಿಂದ 2003ರವರೆಗೆ ಯುರೋಪಿನ ವಿಜ್ಞಾನಿಗಳು 1750 ರಿಂದ 1850ರ ನಡುವಣ ಬ್ರಿಟಿಷ್, ಡಚ್, ಸ್ಪ್ಯಾನಿಷ್, ಫ್ರೆಂಚ್ ಹಡಗುಗಳ ಲಾಗ್‌ಗಳಿಂದ ಸುಮಾರು 2,80,000 ದಾಖಲೆಗಳನ್ನು ಕಲೆಹಾಕಿದರು. ಭೂಮಿಯ ಹವೆ ಹೇಗೆ ಬದಲಾಗುತ್ತಿದೆಯೆಂದು ತಿಳಿಯಲು ಹಿಂದೆ ಹೇಗಿತ್ತೆಂಬುದು ಗೊತ್ತಿರಬೇಕಷ್ಟೆ. ಭಾರತಕ್ಕೆ ಬಂದುಹೋಗುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳ ಲಾಗ್‌ಗಳೂ ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ. ನಮ್ಮ ಮಳೆಗಾಳಿಗಳು ಬೀಸುವ ಕಡಲಿನ ಹಳೆಯ ಸ್ಥಿತಿಗೆ ಅವು ಸಾಕ್ಷಿ.

ಗಾಳಿಯ ದಿಕ್ಕನ್ನು ಅಂದು ಬರೆದಿಟ್ಟ ನಾವಿಕನಿಗೆ ಬೇಕಾಗಿದ್ದುದು ದಡ ಸೇರುವುದಷ್ಟೇ. ಇನ್ನೂರು ವರ್ಷಗಳ ಅನಂತರದವರಿಗೆ ಅದು ಉಪಯೋಗವಾದೀತೆಂದು ಅವನು ಎಣಿಸಿರಲಿಲ್ಲ. ಪ್ರಯೋಗಶಾಲೆಯಲ್ಲಿ ಕಂಡುದನ್ನು ಕಂಡಾಗಲೇ, ಕಂಡಂತೆಯೇ, ತಾರೀಖಿನೊಡನೆ ಬರೆದಿಡಬೇಕೆಂದು ಉಪಾಧ್ಯಾಯರು ಒತ್ತಿ ಹೇಳುವುದೂ ಇದೇ ಕಾರಣಕ್ಕೆ. ನಮ್ಮ ವಿದ್ಯಾರ್ಥಿಗಳ ಪ್ರಯೋಗದ ಪುಸ್ತಕವೂ ಒಂದು ಲಾಗ್ ಅಲ್ಲವೆ?